ಅಣ್ಣನ ಹಿತ್ತಿಲು

ನಮ್ಮೂರಿನ ಮಣ್ಣು ದೊಡ್ಡವರ ಹೆಜ್ಜೆಯನ್ನು ಬೇರೆಲ್ಲ ಊರಿನ ಮಣ್ಣಿನ ಹಾಗೆಯೇ ಮರೆತುಬಿಡುತ್ತದೆ. ಒಂದು ಗಾಳಿ, ಒಂದು ಮಳೆ, ಇಲ್ಲವೇ ಬೆಳಗಿನ ಪೊರಕೆ ಸಾಕು. ಆದರೆ ಮೂರು ವರ್ಷ ತುಂಬದ ಮಗು ಅಂಗೈ ಊರಿದರೆ, ಕುಕ್ಕರಿಸಿ ಕೂತರೆ, ಕಡ್ಡಿಯಿಂದ ಒಂದು ಗೀರು ಎಳೆದರೆ ಅದು ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಅದರೊಳಗೆ ನೀರು ನಿಲ್ಲುತ್ತದೆ, ಬಿಸಿಲಿಗೆ ಆರುತ್ತದೆ, ಆರಿದ ಮೇಲೆ ನೋಡಿದರೆ ಮತ್ತೆ ಅದೇ ಐದು ಬೆರಳು. ದನ ತುಳಿದರೂ ಹೋಗುವುದಿಲ್ಲ. ಗುದ್ದಲಿ ಹಾಕಿದರೆ ಗುದ್ದಲಿಯೇ ಪಕ್ಕಕ್ಕೆ ಜಾರುತ್ತದೆ. ಅದನ್ನು ಅಳಿಸಲು ಆಗುವುದು ಇನ್ನೊಂದು ಎಳೆಯ ಮಗುವಿಗೆ ಮಾತ್ರ.

ಹೊರಗಿನವರು ಮೊದಮೊದಲು ಬೆರಗಾಗುತ್ತಾರೆ. ಆಮೇಲೆ ಅವರೂ ಒಲೆಯ ಬೂದಿ ಚೆಲ್ಲಲು ಹೋಗುವಾಗ ಯಾರದೋ ಮಗುವಿನ ಕಾಲು ದಾಟಿ ಹೆಜ್ಜೆ ಇಡುವುದನ್ನು ಕಲಿಯುತ್ತಾರೆ. ನಾನೂ ಹಾಗೆ ಕಲಿತವಳೇ. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ನಮ್ಮತ್ತೆ ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತೋರಿಸಿ, “ನೋಡ್ಕೊ, ನಿನ್ನ ಗಂಡ” ಎಂದರು. ನನ್ನ ಅಂಗೈಯೊಳಗೆ ಹಿಡಿಯುವಷ್ಟು ಪುಟ್ಟ ಕಾಲು. ಅದರ ಸುತ್ತ ಗುಂಡಗೆ ತಟ್ಟಿದ ಗುರುತುಗಳು, ಒಂದರ ಪಕ್ಕ ಒಂದು. “ಎಲ್ಲೂ ಓಡಾಡ್ತಿರ್ಲಿಲ್ಲ ಕಣೆ ಇವನು. ಕೂತ ಕಡೇಲೇ ಕೂತು ತಟ್ಟೋನು.” ಆಗಿನ್ನೂ ನಾನು ನನ್ನ ಗಂಡ ಚೆಲುವಯ್ಯನ ಮುಖವನ್ನು ನೆಟ್ಟಗೆ ನೋಡಿ ಮಾತಾಡಿದವಳಲ್ಲ. ಅವರು ಬೇಕರಿಯಲ್ಲಿ ಬನ್ನು ತಟ್ಟುವ ಕೆಲಸಕ್ಕೆ ಹೋದ ಮೇಲೆ ನಾನು ಒಬ್ಬಳೇ ಹಿತ್ತಿಲಿಗೆ ಹೋಗಿ ಆ ಕಾಲಿನ ಮೇಲೆ ಬೆರಳಾಡಿಸಿ ಬರುತ್ತಿದ್ದೆ. ಅವರ ಪರಿಚಯ ನನಗೆ ಮೊದಲು ಆದದ್ದು ಅಲ್ಲೇ.

ಈ ಊರಿನಲ್ಲಿ ಮಗುವಿಗೆ ಕೈ ಕೊಳೆ ಮಾಡ್ಕೋಬೇಡ ಎಂದು ಯಾರೂ ಹೇಳುವುದಿಲ್ಲ. ಮಗು ಕೂರಲು ಕಲಿತ ಮೇಲೆ ಒಂದು ಒಳ್ಳೆಯ ದಿನ ನೋಡಿ ನೆಲಕ್ಕಿಳಿಸುತ್ತಾರೆ. ಅಕ್ಕಪಕ್ಕದ ಹೆಂಗಸರು ಒಂದೊಂದು ಕೊಡ ನೀರು ತಂದು ಹಿತ್ತಿಲಿಗೆ ಹೊಯ್ದು, ಮಣ್ಣನ್ನು ಕಾಲಲ್ಲಿ ತುಳಿದು ಮೆತ್ತಗೆ ಮಾಡುತ್ತಾರೆ. ಉಡಿದಾರ ಒಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಬಿಚ್ಚಿ ಮಗುವನ್ನು ಆ ಕೆಸರಿನ ನಡುವೆ ಕೂರಿಸುತ್ತಾರೆ. ಮಗು ಒಂದು ಗಳಿಗೆ ಅಳುತ್ತದೆ. ಆಮೇಲೆ ಒಂದು ಕೈ ಕೆಳಗೆ ಹೋಗುತ್ತದೆ, ಹಿಸುಕುತ್ತದೆ, ಬೆರಳ ಸಂದಿಯಿಂದ ಕೆಸರು ಹೊರಬರುವುದನ್ನು ನೋಡುತ್ತದೆ. ಅಲ್ಲಿಗೆ ಸುತ್ತ ನಿಂತವರೆಲ್ಲ ಹೋ ಎಂದು ಕೂಗಿ ಚಪ್ಪಾಳೆ ಹೊಡೆಯುತ್ತಾರೆ. ಅಂದಿನಿಂದ ಆ ಹಿತ್ತಿಲು ಮಗುವಿನದು. ಒಡೆದ ಮಡಕೆ, ಹಿಡಿ ಮುರಿದ ಸೌಟು, ತೆಂಗಿನ ಚಿಪ್ಪು ಅಲ್ಲಿಗೆ ಸೇರುತ್ತವೆ. ಎರೆಹುಳ ಹಿಡಿದರೆ ಹಿಡಿಯಲಿ ಎನ್ನುತ್ತಾರೆ. ಇರುವೆ ಕಚ್ಚಿದರೆ ಉಗುಳು ಹಚ್ಚುತ್ತಾರೆ. ಮನೆಯಲ್ಲಿ ಎರಡನೆಯದು ಹುಟ್ಟಿ ನೆಲಕ್ಕಿಳಿದರೆ ಅದು ಮೊದಲನೆಯದರ ಗುರುತುಗಳ ಮೇಲೆಯೇ ಕುಣಿದು ಎಲ್ಲ ಒರೆಸಿಹಾಕುತ್ತದೆ. ದೊಡ್ಡದು ಬಂದು ದೂರು ಹೇಳಿದರೆ ಮನೆಯವರು ನಗುತ್ತಾರೆ. ನನ್ನ ಗಂಡನ ಗುರುತುಗಳನ್ನು ಒರೆಸಿಹಾಕಿದ್ದು ನನ್ನ ಮಗ ಮಾದು. ಆ ದಿನ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಹೋದೆ ಕಣೋ ಚೆಲುವ, ನಿನ್ನ ಮಗ ನಿನ್ನ ತೊಳೆದಾಕ್ಬುಟ್ಟ!”

ಮಾದು ಅಪ್ಪನ ಹಾಗೆ ಕೂತ ಕಡೆ ಕೂರುವವನಲ್ಲ. ಅಂಬೆಗಾಲಿಡುವಾಗಲೇ ಹಿತ್ತಿಲಿನ ಮೂಲೆಮೂಲೆಗೂ ಹೋಗಿಬರುತ್ತಿದ್ದ. ಬೆಳಗ್ಗೆ ಕಣ್ಣುಬಿಟ್ಟರೆ ಹಾಲು ಬೇಡ, ನಾನು ಬೇಡ, ಹಿತ್ತಿಲ ಬಾಗಿಲು ತೆಗೆಯಬೇಕು. ಬಸಳೆ ಚಪ್ಪರದ ಕೆಳಗೆ ತಣ್ಣಗಿರುವ ಮಣ್ಣಿಗೆ ಕೆನ್ನೆ ಇಟ್ಟು ಮಲಗುತ್ತಿದ್ದ. ಸೌಟನ್ನು ಎಳೆದುಕೊಂಡು ಬಾವಿಕಟ್ಟೆಯಿಂದ ನುಗ್ಗೆಮರದವರೆಗೆ ಹೋಗುತ್ತಿದ್ದ, ಹಿಂದೆ ಉದ್ದಕ್ಕೆ ಒಂದು ಗೆರೆ ಬೀಳುತ್ತಿತ್ತು. ಬಸವನಹುಳ ಕಂಡರೆ ಅದರ ಮುಂದೆ ಬೋರಲು ಬಿದ್ದು ಅದು ಕೊಂಬು ಹೊರಗೆ ಚಾಚುವ ತನಕ ಕಾಯುತ್ತಿದ್ದ. ಅಷ್ಟು ಹೊತ್ತು ಅವನು ಸುಮ್ಮನಿರುತ್ತಿದ್ದದ್ದು ಅದೊಂದು ಕೆಲಸದಲ್ಲಿ ಮಾತ್ರ. ಸಂಜೆ ಅವನನ್ನು ಎತ್ತಿಕೊಂಡು ಬಚ್ಚಲಿಗೆ ಹೋದರೆ ಯಾವುದು ಮಗು, ಯಾವುದು ಮಣ್ಣು ಎಂದು ಹುಡುಕಬೇಕಿತ್ತು.

ಅವನಿಗೆ ಮೂರು ತುಂಬುವ ಮೊದಲೇ ಜ್ವರ ಬಂತು. ಊರಿನಲ್ಲಿ ಆ ವರ್ಷ ತುಂಬ ಮಕ್ಕಳಿಗೆ ಬಂದಿತ್ತು, ಮಿಕ್ಕವರದು ಇಳಿಯಿತು. ಡಾಕ್ಟರು ತಮ್ಮ ಕೈಲಾದದ್ದನ್ನು ಮಾಡಿದರು. ಕೊನೆಕೊನೆಗೆ ಅವನು ಕಣ್ಣು ಬಿಟ್ಟಾಗ ಬಾಗಿಲ ಕಡೆಗೆ ನೋಡುತ್ತಿದ್ದ. ಕೆರೆಯ ಆಚೆ, ಮಕ್ಕಳಿಗೆಂದು ಬಿಟ್ಟ ಜಾಗದಲ್ಲಿ ಮಣ್ಣು ಮಾಡಿ ಬಂದರು. ಗಂಡಸರು ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಬರುವಾಗ ನಾನು ಹಿತ್ತಿಲ ಹೊಸ್ತಿಲ ಮೇಲೆ ಕೂತಿದ್ದೆ. ಎದುರಿಗೆ ಅವನು ಇದ್ದ. ಎಲ್ಲ ಕಡೆ ಇದ್ದ. ಚಪ್ಪರದ ಕೆಳಗೆ, ಬಾವಿಕಟ್ಟೆಯ ಹತ್ತಿರ, ನುಗ್ಗೆಮರದ ಬುಡದಲ್ಲಿ.

ಮರುದಿನವೇ ನಾನು ಬೇಲಿಸಾಲಿನಿಂದ ಕಳ್ಳಿ ಕೊಂಬೆ, ಜಾಲಿ ಮುಳ್ಳು ಕಡಿದು ತಂದು ಹಿತ್ತಿಲಿನ ಮೋಟುಗೋಡೆಯ ಒಳಗಡೆ ಸುತ್ತಲೂ ಸಿಕ್ಕಿಸಿದೆ. ಬೇರೆ ಮಕ್ಕಳು ನುಗ್ಗಿಬರದ ಹಾಗೆ. ಯಾರೂ ಯಾಕೆ ಎಂದು ಕೇಳಲಿಲ್ಲ. ನಮ್ಮೂರಿನ ಜನ ಇಂಥದ್ದನ್ನು ಕೇಳುವುದಿಲ್ಲ. ಪಕ್ಕದ ಮನೆಯ ಲಿಂಗಕ್ಕ ತನ್ನ ಮಕ್ಕಳಿಗೆ ಈ ಕಡೆ ಸುಳಿಯಬಾರದು ಎಂದು ತಾಕೀತು ಮಾಡಿದಳು. ಬಟ್ಟೆಯನ್ನು ನಾನು ಮುಂದಿನ ಅಂಗಳದಲ್ಲಿ ಒಣಹಾಕತೊಡಗಿದೆ. ಸಂಜೆ ದೀಪ ಹಚ್ಚುವ ಮೊದಲು ಮಾತ್ರ ಬೇಲಿಯ ಒಂದು ಕೊಂಬೆ ಸರಿಸಿ ಒಳಗೆ ಹೋಗಿ, ಅವನ ಅಂಗೈಯ ಗುರುತಿನೊಳಗೆ ನನ್ನ ಬೆರಳುಗಳನ್ನು ಇಟ್ಟು ಕೂರುತ್ತಿದ್ದೆ. ಬೇಸಿಗೆಯಲ್ಲಿ ಆ ಗುರುತು ಹೊತ್ತು ಮುಳುಗಿದ ಮೇಲೂ ಬೆಚ್ಚಗಿರುತ್ತಿತ್ತು. ನನ್ನ ಗಂಡ ಆ ಕಡೆ ಕಾಲಿಡುವುದನ್ನೇ ಬಿಟ್ಟರು. ನೀರು ಬೇಕಾದರೆ ಲಿಂಗಕ್ಕನ ಮನೆಯ ಬಾವಿಗೆ ಹೋಗುತ್ತಿದ್ದರು. ಒಂದೇ ಒಂದು ಸಲ, “ಅದೆಲ್ಲ ಹಂಗೇ ಐತಾ?” ಎಂದು ಕೇಳಿದರು. “ಹಂಗೇ ಐತೆ” ಎಂದೆ. ತಲೆಯಾಡಿಸಿ ಬೇಕರಿಗೆ ಹೋದರು.

ಹೊನ್ನಿ ಹುಟ್ಟಿದ್ದು ಇದಾಗಿ ಕೆಲವು ವರ್ಷಗಳ ನಂತರ. ಅವಳು ಹುಟ್ಟಿದ್ದಕ್ಕೆ ನನಗೆ ಸಂತೋಷವಾಗಲಿಲ್ಲ ಎಂದಲ್ಲ. ಅವಳ ಕಿವಿ, ಅವಳ ಆಕಳಿಕೆ, ನಿದ್ದೆಯಲ್ಲಿ ತುಟಿ ಚಪ್ಪರಿಸುವುದು, ಎಲ್ಲವನ್ನೂ ನಾನು ಹಸಿದವಳ ಹಾಗೆ ನೋಡುತ್ತಿದ್ದೆ. ಆದರೆ ಅವಳು ಬೆನ್ನು ನೆಟ್ಟಗೆ ಮಾಡಿ ಕೂತ ದಿನ ನಾನು ಎದ್ದು ಹಿತ್ತಿಲ ಬಾಗಿಲು ಮುಚ್ಚಿದೆ. ಅತ್ತೆ ನನ್ನ ಮುಖ ನೋಡಿದರು.

ಆ ತಿಂಗಳು ಮಗುವಿಗೆ ನೆಗಡಿ ಎಂದೆ. ಮುಂದಿನ ತಿಂಗಳು ಹಲ್ಲು ಬರುತ್ತಿದೆ ಎಂದೆ. ಆಮೇಲೆ ಚಳಿ. ಆಮೇಲೆ ಹೇಳಲು ಏನೂ ಸಿಗದೆ ಸುಮ್ಮನಾದೆ. ಹೊನ್ನಿ ಗಾರೆ ನೆಲದ ಮೇಲೆ, ಚಾಪೆಯ ಮೇಲೆ ಬೆಳೆದಳು. ಅಲ್ಲೇ ನಿಂತಳು, ಅಲ್ಲೇ ನಡೆದಳು.

ಒಂದು ದಿನ ಅತ್ತೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಮಾತು ತೆಗೆದರು. “ಶಾರಿ, ಮಗೀನ ನೆಲಕ್ಕೆ ಬುಡೆ.”

“ಬುಡ್ತೀನಿ ಅತ್ತೆ.”

“ಯಾವಾಗ? ಅವಳಿಗೆ ಮೂರು ತುಂಬುದ್ಮೇಲಾ?”

ನಾನು ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

“ಚೆಲುವನ ಕಾಲೂ ಅಲ್ಲೇ ಇತ್ತು. ನಿನ್ನ ಮಗ ಬಂದು ಅಳಿಸ್ದ. ನಾನೇನು ಅಡ್ಡ ಬಂದ್ನಾ?”

“ನಿಮ್ಮ ಮಗ ಸಾಯಂಕಾಲ ಬೇಕರಿಯಿಂದ ಮನೆಗೆ ಬತ್ತಾರೆ ಅತ್ತೆ” ಎಂದೆ.

ಅತ್ತೆಯ ಕೈ ಅವರೆಕಾಯಿಯ ಮೇಲೆ ಹಾಗೇ ನಿಂತಿತು. ಮೊರವನ್ನು ಎತ್ತಿಕೊಂಡು ಒಳಗೆ ಹೋದರು. ಅಂದು ನನಗೆ ಊಟಕ್ಕೆ ಅವರೇ ಬಡಿಸಿದರು. ಆಮೇಲೆ ಬಹಳ ದಿನ ಆ ವಿಷಯ ಎತ್ತಲಿಲ್ಲ.

ಹೊನ್ನಿ ನಾಜೂಕಿನ ಮಗುವಾದಳು. ಬೆರಳಿಗೆ ಒಂದು ಅಗುಳು ಅಂಟಿದರೆ ಸಾಕು, ಕೈಯನ್ನು ನನ್ನ ಮುಂದೆ ಚಾಚಿ ಒರೆಸುವ ತನಕ ಅಳುತ್ತಿದ್ದಳು. ಮಳೆಯ ಹನಿ ಬಿದ್ದರೆ ಬೆಚ್ಚುತ್ತಿದ್ದಳು. ಒಂದು ಎಲೆ ಗಾಳಿಗೆ ಹಾರಿ ಒಳಗೆ ಬಂದರೆ ಅದರಿಂದ ದೂರ ಸರಿದು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಅವಳ ಕಾಲುಗಳು ತೆಳ್ಳಗೆ, ಬೆಳ್ಳಗೆ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಲಿಂಗಕ್ಕನ ಮಕ್ಕಳ ಕಾಲಿನ ಬೆರಳು ನೋಡಿದರೆ ಬೀಸಣಿಗೆಯ ಹಾಗೆ ಹರಡಿಕೊಂಡಿರುತ್ತಿದ್ದವು. ಹಗಲೆಲ್ಲ ಹೊನ್ನಿ ಹಿತ್ತಿಲ ಹೊಸ್ತಿಲ ಒಳಗೆ ಕೂತು ಹೊರಗೆ ನೋಡುತ್ತಿದ್ದಳು. ಸಂಜೆ ನಾನು ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೇಲಿಯ ಅಂಚಿನಲ್ಲಿ ನಡೆಯುತ್ತಾ ತೋರಿಸುತ್ತಿದ್ದೆ. “ನೋಡು, ಅಣ್ಣನ ಕೈ. ಅದು ಅಣ್ಣನ ಕಾಲು. ಅಲ್ನೋಡು, ಅಣ್ಣ ಕೂತ್ಕೊಂಡಿದ್ದು.” ಅವಳು ಕಲಿತ ಮೊದಮೊದಲ ಮಾತುಗಳಲ್ಲಿ ಅದೂ ಒಂದು. ಅಣ್ಣ. ಬಾಗಿಲು ತೆಗೆದೊಡನೆ ಬೆರಳು ಚಾಚಿ ಹೇಳುತ್ತಿದ್ದಳು. ನನಗೆ ಅದು ಹಿಗ್ಗು. ಒಬ್ಬರಾದರೂ ಅವನನ್ನು ಕರೆಯುತ್ತಿದ್ದಾರಲ್ಲ ಎಂದು.

ಅವಳಿಗೆ ಎರಡು ತುಂಬಿ ಒಂದು ಮಳೆಗಾಲವೂ ಕಳೆದಿತ್ತು. ಲಿಂಗಕ್ಕ ಒಂದು ಬೆಳಗ್ಗೆ ನೇರವಾಗಿ ನಮ್ಮ ಅಡುಗೆಮನೆಗೆ ಬಂದಳು. “ನಿನ್ನ ಹಿತ್ತಿಲು ನಿಂಗಿರ್ಲಿ ಶಾರಿ. ನಾನು ಅದರ ಸುದ್ದಿಗೆ ಬರಾಕಿಲ್ಲ. ಮಗೀನ ನಮ್ಮನೆ ಹಿತ್ತಿಲಿಗೆ ಬುಡು. ನಮ್ಮವು ಗುಂಡುಕಲ್ಲಿನಂಗೆ ಓಡಾಡ್ಕೊಂಡವೆ, ಅವುಗಳ ಗುರುತು ಅಳಿಸಿದ್ರೆ ಅಳಿಸ್ಲಿ. ಈ ಮಗ ಹಿಂಗೇ ಗೋಡೆ ಹಿಡ್ಕೊಂಡು ಬೆಳದ್ರೆ ನಾಳೆ ಏನು ಗತಿ?”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಒಂದು ಬಗೆಯ ನಿರಾಳವೂ ಆಯಿತು. ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದುಕೊಂಡೆ. ಲಿಂಗಕ್ಕನೇ ನೀರು ಹೊಯ್ದು ಮಣ್ಣು ತುಳಿದು ಹದ ಮಾಡಿದ್ದಳು. ಅತ್ತೆ ನನ್ನ ಹಿಂದೆ ಒಂದು ಕೊಡ ನೀರು ಹೊತ್ತು ಬಂದರು, ಶಾಸ್ತ್ರಕ್ಕಾದರೂ ಇರಲಿ ಎಂದು. ಲಿಂಗಕ್ಕನ ಕಿರಿಯ ಮಗ ಹುಳಿ ಹಾಕಿದ ಹಿಟ್ಟಿನ ಹಾಗಿದ್ದ ಕೆಸರಿನಲ್ಲಿ ಮೊಣಕಾಲೂರಿ, ಎರಡೂ ಕೈಗಳಿಂದ ಅದನ್ನು ಎತ್ತಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದ. ನಾನು ಹೊನ್ನಿಯ ಲಂಗ ಬಿಚ್ಚಿ, ಕಂಕುಳಿಗೆ ಕೈ ಕೊಟ್ಟು ಮೆಲ್ಲಗೆ ಇಳಿಸಿದೆ.

ಕಾಲು ಇನ್ನೂ ನೆಲಕ್ಕೆ ತಾಗಿರಲಿಲ್ಲ. ಅವಳು ಎರಡೂ ಕಾಲುಗಳನ್ನು ಮೇಲಕ್ಕೆ ಮಡಚಿಕೊಂಡಳು. ಮೈಯೆಲ್ಲ ಸೆಟೆದುಕೊಂಡಿತು. ನಾನು ಇನ್ನೂ ಸ್ವಲ್ಪ ಇಳಿಸಿದೆ. ಅವಳು ನನ್ನ ಕತ್ತನ್ನು ಉಗುರಿನಲ್ಲಿ ಹಿಡಿದು ಕಿರುಚಿದಳು. “ಅಣ್ಣ! ಅಣ್ಣ!”

ಲಿಂಗಕ್ಕ ನಕ್ಕಳು. “ಬಾರೋ, ನಿನ್ನ ಕರೀತಾಳೆ ನೋಡು” ಎಂದು ತನ್ನ ಮಗನನ್ನು ಕರೆದಳು.

ಹೊನ್ನಿ ಕರೆಯುತ್ತಿರಲಿಲ್ಲ. ಅವಳ ಕಣ್ಣು ನೆಲದ ಮೇಲಿತ್ತು. ಆ ಹಿತ್ತಿಲಿನ ತುಂಬ ಲಿಂಗಕ್ಕನ ಮಕ್ಕಳ ಕೈಗಳು, ಕಾಲುಗಳು, ಕೂತ ಗುರುತುಗಳು. ಕಾಲಿಡಲು ಜಾಗವಿಲ್ಲದಷ್ಟು. ಅವಳಿಗೆ ಅದೆಲ್ಲವೂ ಅಣ್ಣ. ಮಣ್ಣು ಅಂದರೇ ಅಣ್ಣ. ಅವಳು ಅವನನ್ನು ತುಳಿಯಲಾರದೆ ಕಾಲು ಎತ್ತಿಕೊಂಡಿದ್ದಳು.

ನಾನು ಅವಳನ್ನು ಎದೆಗೆ ಅವಚಿಕೊಂಡು ಮನೆಗೆ ಬಂದೆ. ಅತ್ತೆ ನನ್ನ ಹಿಂದೆಯೇ ಬಂದರು. ಅವರಿಗೂ ಗೊತ್ತಾಗಿತ್ತು ಅಂತ ಕಾಣುತ್ತದೆ, ಯಾಕೆಂದರೆ ಹೊತ್ತು ತಂದ ಕೊಡವನ್ನು ಚೆಲ್ಲದೆ ಹಾಗೇ ವಾಪಸು ತಂದು ನಮ್ಮ ಹಿತ್ತಿಲ ಬಾಗಿಲ ಪಕ್ಕ ಇಟ್ಟರು. ಹೊನ್ನಿ ಬಿಕ್ಕುತ್ತಾ ಬಿಕ್ಕುತ್ತಾ ನನ್ನ ಹೆಗಲ ಮೇಲೆ ನಿದ್ದೆಹೋದಳು. ಅವಳ ಪಾದವನ್ನು ಕೈಯಲ್ಲಿ ಹಿಡಿದು ನೋಡಿದೆ. ಎರಡು ವರ್ಷ ದಾಟಿದ ಮಗುವಿನ ಅಂಗಾಲು ಹುಟ್ಟಿದ ದಿನದ ಅಂಗಾಲಿನ ಹಾಗೇ ಮೆತ್ತಗಿತ್ತು. ಒಂದು ಗೀರಿಲ್ಲ.

ಮಾರನೆಯ ದಿನ ನನ್ನ ಗಂಡನನ್ನು ಕೇಳಿದೆ, “ಬೇಕರಿಯಿಂದ ನಾದಿದ ಮೈದಾ ಹಿಟ್ಟು ಒಂದಿಷ್ಟು ತಂದ್ಕೊಡ್ತೀರಾ?”

“ಯಾಕೆ?”

“ಸುಮ್ನೆ.”

ಅವರು ನನ್ನ ಮುಖವನ್ನೇ ನೋಡಿದರು. ಮಧ್ಯಾಹ್ನ ಊಟಕ್ಕೆ ಬಂದಾಗ ಬಾಳೆಲೆಯಲ್ಲಿ ಸುತ್ತಿದ ದೊಡ್ಡ ಉಂಡೆಯನ್ನು ಹಜಾರದಲ್ಲಿಟ್ಟು ಕೈತೊಳೆಯಲು ಹೋದರು. ಅವರು ಬೇಕರಿಗೆ ವಾಪಸು ಹೋದ ಮೇಲೆ ನಾನು ಬೇಲಿ ಸರಿಸಿ ಒಳಗೆ ಹೋದೆ. ಮಾದುವಿನ ಎಲ್ಲ ಗುರುತುಗಳಿಗಿಂತ ಚೆನ್ನಾಗಿ ಮೂಡಿದ್ದ ಒಂದು ಅಂಗೈ ಚಪ್ಪರದ ಕೆಳಗಿತ್ತು, ರೇಖೆಗಳು ಕೂಡ ಕಾಣುತ್ತಿದ್ದವು. ಅಚ್ಚು ಬಂದರೆ ಅದೊಂದನ್ನಾದರೂ ಎತ್ತಿಟ್ಟುಕೊಳ್ಳಬಹುದು ಎಂದು ಅದರೊಳಗೆ ಹಿಟ್ಟನ್ನು ಒತ್ತಿದೆ. ಒಂದೊಂದು ಬೆರಳಿನ ಸಂದಿಗೂ ಹೆಬ್ಬೆರಳಿನಿಂದ ತುಂಬಿದೆ. ಉಸಿರು ಬಿಗಿಹಿಡಿದು ಎತ್ತಿದೆ. ಹಿಟ್ಟಿನ ತಳ ಕನ್ನಡಿಯ ಹಾಗೆ ನುಣ್ಣಗಿತ್ತು. ತಿರುಗಿ ಒತ್ತಿದೆ. ಬೇರೆ ಗುರುತಿನಲ್ಲಿ ಒತ್ತಿದೆ. ಕಾಲಿನದರಲ್ಲಿ ಒತ್ತಿದೆ. ಪ್ರತಿ ಸಲವೂ ನುಣ್ಣಗೆ, ಸಪಾಟಾಗಿ ಬಂತು. ಗೆರೆ ಇರಲಿ, ಒಂದು ಮಣ್ಣಿನ ಹರಳೂ ಅಂಟಿರಲಿಲ್ಲ. ಕೊನೆಗೆ ಹಿಟ್ಟು ಹುಳಿ ಬಂದು ಉಬ್ಬತೊಡಗಿತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು.

“ಅತ್ತೆ,” ಎಂದೆ, “ನೀರು ಹಾಕಿ.”

ಅವರು ತಕ್ಷಣ ಅಲ್ಲಾಡಲಿಲ್ಲ. “ಇವತ್ತೇ ಅಂತ ಏನಿಲ್ಲ ಮಗ” ಎಂದರು. ಮೊದಲು ಒತ್ತಾಯಿಸಿದವರು ಅವರೇ.

“ಇವತ್ತಾಗದಿದ್ರೆ ಆಗಾಕಿಲ್ಲ. ಹಾಕಿ.”

ಮುಳ್ಳನ್ನೆಲ್ಲ ನಾನೇ ಕಿತ್ತು ಗೋಡೆಯಾಚೆ ಎಸೆದೆ. ಕೈಯಲ್ಲಿ ಎರಡು ಮೂರು ಕಡೆ ರಕ್ತ ಬಂತು. ಅತ್ತೆ ಬಾವಿಯಿಂದ ಸೇದಿ ಸೇದಿ ಹೊಯ್ದರು. ಗುರುತುಗಳಲ್ಲಿ ನೀರು ತುಂಬಿ ಹಿತ್ತಿಲೆಲ್ಲ ಪುಟ್ಟ ಪುಟ್ಟ ಕೈಗಳು ಹೊಳೆದವು. ನಾನು ಸೀರೆಯನ್ನು ಎತ್ತಿಕಟ್ಟದೆ ಹಾಗೇ ಕೆಸರಿನಲ್ಲಿ ಕೂತೆ. ಅತ್ತೆ ಹೊನ್ನಿಯನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಇಳಿಸಿದರು. ಅವಳು ಕಾಲು ಮಡಚಿಕೊಂಡು ನನ್ನ ಎದೆಗೆ ಒರಗಿದಳು.

ನಾನು ಒಂದು ಹಿಡಿ ಕೆಸರು ತೆಗೆದು ನನ್ನ ಕೆನ್ನೆಗೆ ಬಳಿದುಕೊಂಡೆ. ಮೂಗಿಗೆ ಬಳಿದುಕೊಂಡೆ. ಅವಳು ನೋಡಿದಳು. ಬೆರಳಿನಿಂದ ನನ್ನ ಮೂಗನ್ನು ಮುಟ್ಟಿ, ಬೆರಳನ್ನು ನೋಡಿಕೊಂಡು, ಒರೆಸು ಎಂದು ಚಾಚಿದಳು. ನಾನು ಒರೆಸಲಿಲ್ಲ. ಆ ಬೆರಳನ್ನು ನನ್ನ ಹಣೆಗೆ ಒತ್ತಿಸಿದೆ. ಅವಳಿಗೆ ಸ್ವಲ್ಪ ನಗು ಬಂತು.

“ಅಣ್ಣ” ಎಂದು ನೆಲ ತೋರಿಸಿದಳು.

“ಹೂಂ ಕಂದ, ಅಣ್ಣ.”

“ಅಣ್ಣಂಗೆ ಅಬ್ಬು.” ಪೆಟ್ಟಾಗುತ್ತದೆ ಎನ್ನಲು ಅವಳ ಮಾತು ಅದು.

“ಅಬ್ಬು ಆಗಲ್ಲ. ಅಣ್ಣ ಆಟ ಆಡಿ ಹೋದ. ಈಗ ನಿಂದು. ಇಳಿ.”

ಅವಳು ಬಹಳ ಹೊತ್ತು ಯೋಚಿಸಿದಳು. ಆ ವಯಸ್ಸಿನ ಮಗು ಅಷ್ಟು ಹೊತ್ತು ಯೋಚಿಸುವುದನ್ನು ನಾನು ನೋಡಿಲ್ಲ. ಆಮೇಲೆ ಒಂದು ಕಾಲನ್ನು ಬಿಡಿಸಿ, ಹೆಬ್ಬೆರಳ ತುದಿಯನ್ನು ಕೆಸರಿಗೆ ತಾಗಿಸಿ, ಹಿಂದಕ್ಕೆಳೆದು, ಮತ್ತೆ ತಾಗಿಸಿದಳು. ತಾಗಿಸಿದ ಕಡೆ ಮಾದುವಿನ ಒಂದು ಹಿಮ್ಮಡಿ ಇತ್ತು. ಗುದ್ದಲಿಗೆ ಜಗ್ಗದಿದ್ದ ಆ ಹಿಮ್ಮಡಿ ಅವಳ ಹೆಬ್ಬೆರಳಿಗೆ ಬೆಣ್ಣೆಯ ಹಾಗೆ ಕರಗಿತು. ನಾನು ಕೂಗಿಬಿಡುತ್ತಿದ್ದೆನೇನೋ. ಅವಳು ತಲೆಯೆತ್ತಿ ನನ್ನ ಮುಖವನ್ನು ನೋಡಿದಳು, ಇದು ಸರಿಯಾ ತಪ್ಪಾ ಎಂದು ಕೇಳುವ ಹಾಗೆ. ನನ್ನ ಮುಖದಲ್ಲಿ ಒಂದು ಚೂರು ಏನಾದರೂ ಕಂಡಿದ್ದರೆ ಅವಳು ಮತ್ತೆಂದೂ ಇಳಿಯುತ್ತಿರಲಿಲ್ಲ.

ಚಪ್ಪಾಳೆ ಹೊಡೆದೆ. “ಹೋ! ಇನ್ನೂ ತುಳಿ! ಇನ್ನೂ!” ಎಂದೆ. ಅತ್ತೆ ಹೊಸ್ತಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ತೊಡೆ ತಟ್ಟಿ ಸದ್ದು ಮಾಡಿದರು. ಹೊನ್ನಿ ಎರಡನೆಯ ಕಾಲನ್ನೂ ಇಳಿಸಿದಳು.

ಆ ದಿನ ಅವಳು ನನ್ನ ತೊಡೆ ಬಿಟ್ಟು ದೂರ ಹೋಗಲಿಲ್ಲ. ಮರುದಿನ ಒಗೆಯುವ ಕಲ್ಲಿನವರೆಗೆ ಹೋದಳು. ವಾರ ಕಳೆಯುವ ಹೊತ್ತಿಗೆ ಬೆಳಗ್ಗೆ ಎದ್ದು ಬಾಗಿಲು ಬಡಿಯತೊಡಗಿದಳು. ನಾನು ದಿನವೂ ಅವಳ ಜೊತೆ ಕೂರುತ್ತಿದ್ದೆ. ಅವಳಿಗೆ ತೋರಿಸುತ್ತಿದ್ದೆ. ಎರೆಹುಳವನ್ನು ಅಂಗೈಯಲ್ಲಿ ಇಟ್ಟುಕೊಳ್ಳುವುದು ಹೇಗೆ, ಚಿಪ್ಪಿನಿಂದ ಗುಂಡಿಗೆ ನೀರು ಹೊಯ್ಯುವುದು ಹೇಗೆ, ನುಗ್ಗೆ ಹೂವನ್ನು ಕೆಸರಿನ ಉಂಡೆಗೆ ಅಂಟಿಸುವುದು ಹೇಗೆ. ಅವಳು ಒಂದು ಕಡೆ ಕೈ ಆಡಿಸಿದರೆ ಅಲ್ಲಿ ಅವನ ಮೊಣಕಾಲು ಹೋಗುತ್ತಿತ್ತು. ಇನ್ನೊಂದು ಕಡೆ ಹೊರಳಿದರೆ ಅವನು ಎಳೆದ ಗೆರೆಯಲ್ಲಿ ಒಂದು ಮೊಳ ಹೋಗುತ್ತಿತ್ತು. ನಾನು ಶಹಭಾಸ್ ಎನ್ನುತ್ತಿದ್ದೆ. ಅವಳನ್ನು ಆ ಕಡೆ ಹೋಗಬೇಡ, ಈ ಕಡೆ ಆಡು ಎಂದು ತಿರುಗಿಸುವ ಆಸೆ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ. ಒಮ್ಮೆ ತಿರುಗಿಸಿದೆ ಕೂಡ, ಚಪ್ಪರದ ಕೆಳಗಿನ ಅಂಗೈಯ ಹತ್ತಿರ ಹೋದಾಗ. ಅವಳು ಕೂಡಲೇ ಎರಡೂ ಕೈಗಳನ್ನು ಮೇಲಕ್ಕೆತ್ತಿ ನಿಂತುಬಿಟ್ಟಳು. ಅಂದು ಸಂಜೆಯವರೆಗೂ ಮತ್ತೆ ಕೆಸರು ಮುಟ್ಟಲಿಲ್ಲ. ಮಾರನೆಯ ದಿನ ನಾನೇ ಅವಳ ಕೈ ಹಿಡಿದು ಚಪ್ಪರದ ಕೆಳಗೆ ಕರೆದುಕೊಂಡು ಹೋಗಿ, ಆ ಅಂಗೈಯ ಮೇಲೆ ಅವಳ ಅಂಗೈ ಇಡಿಸಿದೆ. ಅವಳದು ಅದಕ್ಕಿಂತ ಸ್ವಲ್ಪ ಚಿಕ್ಕದು. ಎತ್ತಿದಾಗ ಅಲ್ಲಿ ಇದ್ದದ್ದು ಅವಳದು ಮಾತ್ರ.

ಹೊನ್ನಿಯ ಕಾಲಿನ ಬೆರಳುಗಳು ಹರಡಿಕೊಂಡವು. ಮಳೆ ಬಂದರೆ ಬಾಯಿ ತೆರೆದುಕೊಂಡು ಹೊರಗೆ ಓಡುತ್ತಿದ್ದಳು. ಅನ್ನವನ್ನು ಎರಡೂ ಕೈಯಲ್ಲಿ ಕಲಸಿ ಮೊಣಕೈವರೆಗೆ ಮೆತ್ತಿಕೊಂಡು ತಿನ್ನುತ್ತಿದ್ದಳು. ಅತ್ತೆ ಬೈಯುತ್ತಿದ್ದರು, ಬೈಯುತ್ತಲೇ ತಟ್ಟೆಗೆ ಇನ್ನಷ್ಟು ಅನ್ನ ಹಾಕುತ್ತಿದ್ದರು. ನನ್ನ ಗಂಡ ಇದನ್ನೆಲ್ಲ ಒಳಗಿನಿಂದಲೇ ನೋಡುತ್ತಿದ್ದರು. ಸಂಜೆ ಬಂದಾಗ ಹೊನ್ನಿ ಕೆಸರಿನಲ್ಲೇ ಓಡಿಹೋಗಿ ಅವರ ಕಾಲನ್ನು ತಬ್ಬಿಕೊಳ್ಳುತ್ತಿದ್ದಳು. ಅವರು ಬಾಗಿ ಎತ್ತಿಕೊಳ್ಳುತ್ತಿದ್ದರು, ಬಿಳಿಯ ಪಂಚೆ ಹಾಳಾಯಿತು ಎಂದು ಒಂದು ದಿನವೂ ಅನ್ನಲಿಲ್ಲ. ಆದರೆ ಹಿತ್ತಿಲ ಬಾಗಿಲ ಕಡೆಗೆ ಬರಲಿಲ್ಲ. ನಾನು ಬೇಲಿ ಕಿತ್ತದ್ದು ಅವರಿಗೆ ಗೊತ್ತಿತ್ತು. ಏನು ಉಳಿದಿದೆ, ಏನು ಹೋಗಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮುಂದಿನ ಮಳೆಗಾಲ ಶುರುವಾಗುವ ಮೊದಲು ಒಂದು ಭಾನುವಾರ ಬೇಕರಿಗೆ ರಜೆ ಇತ್ತು. ನಾನು ಹಿತ್ತಿಲಿನಲ್ಲಿ ಹೊನ್ನಿಯ ಜೊತೆ ಇದ್ದೆ. ಬಾಗಿಲ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಗಂಡ ಹೊಸ್ತಿಲ ಮೇಲೆ ನಿಂತಿದ್ದರು. ಕ್ಷೌರ ಮಾಡಿಸಿಕೊಂಡು, ತಲೆಗೆ ನೀರು ಹಾಕಿಕೊಂಡು ಬಂದಿದ್ದರು, ಎಲ್ಲಿಗಾದರೂ ಹೊರಟವರ ಹಾಗೆ. ಮಾದು ಹೋದ ಮೇಲೆ ಅವರು ಆ ಹೊಸ್ತಿಲಿಗೆ ಬಂದದ್ದು ಅದೇ ಮೊದಲು.

“ನೋಡಾನ ಅಂತ ಬಂದೆ” ಎಂದರು.

ನಾನು ಎದ್ದು ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಂಡೆ.

ಅವರು ಮೆಟ್ಟಿಲಿಳಿದು ಬಂದರು. ಬಾವಿಕಟ್ಟೆಯ ಹತ್ತಿರ ನೋಡಿದರು. ಬಾಗಿ ಚಪ್ಪರದ ಕೆಳಗೆ ನೋಡಿದರು. ನುಗ್ಗೆಮರದ ಬುಡಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿದರು. ಎಲ್ಲೆಲ್ಲೂ ಹೊನ್ನಿ. ಹೊನ್ನಿಯ ಕೈ, ಹೊನ್ನಿಯ ಕಾಲು, ಹೊನ್ನಿ ತೋಡಿದ ಗುಂಡಿಗಳು. ಅವರು ಕೂತಲ್ಲಿಂದಲೇ ನನ್ನ ಕಡೆ ತಿರುಗಿದರು.

“ಒಂದಾದ್ರೂ ಉಳಿಸಿದ್ದೀಯೇನೆ?”

“ಇಲ್ಲ ಕಣ್ರೀ” ಎಂದೆ.

ಅವರು ಸುಮ್ಮನೆ ತಲೆಯಾಡಿಸಿದರು. ಬೈದಿದ್ದರೆ ವಾಸಿ ಇತ್ತು. “ಒಳ್ಳೇದಾಯ್ತು” ಎಂದರು. “ಮಗ ಚೆನ್ನಾಗವಳೆ. ಒಳ್ಳೇದಾಯ್ತು.” ಆಮೇಲೆ ಅವರ ಮುಖ ಕುಸಿಯಿತು. “ನಾನೊಂದ್ಸಲಾನೂ ಸರಿಯಾಗಿ ನೋಡ್ಲಿಲ್ಲ ಶಾರಿ. ಇರ್ತದಲ್ಲ, ಎಲ್ಲಿಗೆ ಹೋಯ್ತದೆ, ಧೈರ್ಯ ಬಂದಾಗ ನೋಡಾನ ಅಂದ್ಕೊಂಡೇ ಇದ್ದೆ.”

ದೊಡ್ಡ ದೇಹದ ಗಂಡಸು ನುಗ್ಗೆಮರದ ಬುಡದಲ್ಲಿ ಕೂತು ಸದ್ದಿಲ್ಲದೆ ಅತ್ತರು. ಹೊನ್ನಿ ಆಟ ನಿಲ್ಲಿಸಿ ನೋಡಿದಳು. ನಾನು ಅವರ ಹತ್ತಿರ ಹೋಗಿ ಕೈ ಹಿಡಿದು ಎಬ್ಬಿಸಿದೆ. “ಬನ್ನಿ” ಎಂದೆ. ಬಾಗಿಲ ಹತ್ತಿರಕ್ಕೆ ಕರೆದುಕೊಂಡು ಬಂದೆ.

“ಇಲ್ಲಿ, ಈ ಮೆಟ್ಟಿಲ ಕೆಳಗೆ, ಅವನು ದಿನಾ ಬೆಳಗ್ಗೆ ಬೀಳ್ತಿದ್ದ” ಎಂದೆ. “ಅವಸರ. ಎರಡೂ ಅಂಗೈ ಊರ್ಕೊಂಡು ಬೀಳೋನು. ಅದ್ಕೆ ಇಲ್ಲಿ ಕೈ ಮೇಲೆ ಕೈ, ಕೈ ಮೇಲೆ ಕೈ ಇತ್ತು.” ಅವರು ಆ ಜಾಗವನ್ನು ನೋಡಿದರು. “ಇಲ್ಲಿ ಒಂದು ಸಲ ಗೆದ್ದಲು ಸಾಲು ಹೊರಟಿತ್ತು. ಅವನು ಅದರ ಜೊತೇಲಿ ಪಕ್ಕಪಕ್ಕಕ್ಕೆ ನಡ್ಕೊಂಡು ಹೋದ, ಒಂದನ್ನೂ ತುಳೀದಂಗೆ. ಪುಟ್ಟ ಪುಟ್ಟ ಹೆಜ್ಜೆ, ಈ ಗೋಡೆವರ್ಗೂ. ಇಲ್ಲಿ ಬೆರಳು ತೂರ್ಸಿದ್ದ, ಆಳಕ್ಕೆ. ಯಾಕೆ ಅಂತ ಗೊತ್ತಿಲ್ಲ. ಇಲ್ಲಿ ನಿಮ್ಮ ಚಪ್ಪಲಿ ಹಾಕ್ಕೊಂಡು ಬಂದಿದ್ದ. ಚಪ್ಪಲಿ ದೊಡ್ಡೋರದು, ಅದರ ಗುರುತು ಅಳಿಸಿಹೋಯ್ತು, ಕೊನೇಲಿ ಚಪ್ಪಲಿ ಜಾರಿ ಬರಿಗಾಲು ಊರಿದ್ದಿತ್ತು, ಒಂದೇ ಒಂದು ಬಲಗಾಲು. ಎಲ್ಲಿಂದ ಬಂತೋ ಅನ್ನಂಗೆ.”

ಅವರಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಒಂದೊಂದಕ್ಕೂ ನಿಂತು, ನಾನು ತೋರಿಸಿದ ಕಡೆ ಬಾಗಿ, ಹೂಂ ಎನ್ನುತ್ತಿದ್ದರು. ಹೊನ್ನಿ ನಮ್ಮ ಹಿಂದೆ ಹಿಂದೆ ಬಂದಳು. ನಾನು ಬೆರಳು ಮಾಡಿದ ಜಾಗಕ್ಕೆಲ್ಲ ಓಡಿಬಂದು, ಎರಡೂ ಕಾಲು ಜೋಡಿಸಿ, ಪಚಕ್ಕೆಂದು ಹಾರಿ ನಿಲ್ಲುತ್ತಿದ್ದಳು. ನಾವು ಮೂವರೂ ಹಾಗೇ ಹಿತ್ತಿಲನ್ನು ಸುತ್ತಿ ಬಂದೆವು.

ಕೊನೆಯ ಗೋಡೆ ಮುಟ್ಟಿದಾಗ ನನ್ನ ಹತ್ತಿರ ಹೇಳಲು ಇನ್ನೇನೂ ಇರಲಿಲ್ಲ. ಅವರು ಹೊನ್ನಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಕೆಸರು ಅವರ ಹೊಸ ಕ್ಷೌರದ ಕೆನ್ನೆಯ ಮೇಲೆ ಇಳಿಯುತ್ತಿತ್ತು.

“ಇನ್ನೊಂದ್ಸಲ ಹೇಳು” ಎಂದರು.

ನಾನು ಬಾಗಿಲ ಹತ್ತಿರಕ್ಕೆ ಹೋಗಿ ಮೊದಲಿನಿಂದ ಶುರುಮಾಡಿದೆ.